ದೊಡ್ಡಮ್ಮನ ಹಳೇ ಮನೆ ಖಾಲಿ ಮಾಡಬೇಕು. ಏನು ಇಟ್ಟುಕೊಳ್ಳಲಿ, ಹೇಗೆ ಕಾಪಾಡಲಿ?

ನೀವು ಕೇಳಿದ್ದು ಇಷ್ಟು: ಹಳೇ ದಾವಣಗೆರೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದ ಮನೆ. ಮಕ್ಕಳಿಲ್ಲ, ದೊಡ್ಡಪ್ಪ ಮುಂಚೆಯೇ ಹೋಗಿದ್ದರು. ಈಗ ಅವರೂ ಇಲ್ಲ. ಮನೆ ಖಾಲಿ ಮಾಡುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದಿದೆ, ನೀವಿರುವುದು ಬೆಂಗಳೂರಿನ ಚಿಕ್ಕ ಫ್ಲ್ಯಾಟಿನಲ್ಲಿ. ಎಲ್ಲ ತರಲು ಜಾಗವಿಲ್ಲ, ಬಿಡಲು ಮನಸ್ಸಿಲ್ಲ.

ಗುಜರಿಯವರನ್ನು ಕೊನೆಗೆ ಕರೆಯಿರಿ. ಅದಕ್ಕೂ ಮೊದಲು ನಿಮ್ಮ ಬಳಗದಲ್ಲಿ ಉಳಿದಿರುವ ಅತಿ ಹಿರಿಯ ಹೆಣ್ಣುಮಕ್ಕಳನ್ನು, ಕಾರು ಮಾಡಿಕೊಂಡಾದರೂ ಸರಿ, ಆ ಮನೆಗೆ ಕರೆತನ್ನಿ. ಕುರ್ಚಿ ಹಾಕಿ ಕೂರಿಸಿ. ಒಂದೊಂದೇ ಸಾಮಾನು ಅವರ ಕೈಗೆ ಕೊಡಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿಡಿ. ಇದು ಯಾರದ್ದು, ಯಾರ ತವರಿನಿಂದ ಬಂತು, ಯಾವ ಹಬ್ಬಕ್ಕೆ ಹೊರಗೆ ಬರುತ್ತಿತ್ತು, ಇಷ್ಟೇ ಕೇಳಿ. ಸಾಮಾನು ಇನ್ನೂ ನೂರು ವರ್ಷ ಇರುತ್ತದೆ. ಅದು ಯಾರದ್ದು ಎನ್ನುವ ಮಾತು ಮಾತ್ರ ಆ ಹಿರಿಯರ ಜೊತೆಗೇ ಹೊರಟುಹೋಗುತ್ತದೆ. ಯಾರದ್ದು ಅಂತ ಗೊತ್ತಿರುವ ಚಿಕ್ಕ ತಂಬಿಗೆಯನ್ನು ಇಟ್ಟುಕೊಳ್ಳಿ, ಯಾರದ್ದೋ ಗೊತ್ತಿಲ್ಲದ ದೊಡ್ಡ ಹಂಡೆಯನ್ನು ಬಿಡಿ. ನನ್ನ ಲೆಕ್ಕ ಅದೇ.

ನಮ್ಮ ಸೋದರತ್ತೆಯ ಮನೆಯನ್ನು ಖಾಲಿ ಮಾಡಿದ್ದು ನಾನು ಮತ್ತು ನನ್ನ ತಂಗಿ. ಅದೂ ಹಳೇ ದಾವಣಗೆರೆಯಲ್ಲೇ, ಮಂಡಕ್ಕಿ ಭಟ್ಟಿಗಳಿಗೆ ಹತ್ತಿರ. ಅಟ್ಟದ ಮೇಲಿನ ಪ್ರತಿ ಪಾತ್ರೆಯ ಮೇಲೂ ಹೊಗೆ ಕೂತಿತ್ತು. ಆ ಪಾತ್ರೆಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮನೆ ಖಾಲಿ ಮಾಡುವವರು ಅತಿ ಬೇಗ ಕಳೆದುಕೊಳ್ಳುವುದು ಅವನ್ನೇ.

ನಮ್ಮ ಕಡೆ ಮದುವೆ, ಸೀಮಂತ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವಾಗ ಹೆಸರು ಹಾಕಿಸಿ ಕೊಡುತ್ತಿದ್ದರು. ಪಾತ್ರೆ ಅಂಗಡಿಯಲ್ಲೇ ಉಳಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಅಕ್ಷರ ಹೊಡೆಯುತ್ತಿದ್ದರು. ಯಾರಿಂದ, ಯಾರಿಗೆ, ಊರು, ಕೆಲವೊಮ್ಮೆ ತಾರೀಕು. ವರ್ಷಗಟ್ಟಲೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಆ ಚುಕ್ಕೆಗಳು ಸವೆದಿರುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ಹೀಗೆ ಮಾಡಿ: ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕಂಠದ ಸುತ್ತ ಮತ್ತು ಹೊಟ್ಟೆಯ ಮೇಲೆ ಅಕ್ಕಿಹಿಟ್ಟು ಸವರಿ. ಹೆಚ್ಚಾದ ಹಿಟ್ಟನ್ನು ಅಂಗೈಯಿಂದ ಒರೆಸಿ. ಚುಕ್ಕೆಯೊಳಗೆ ಬಿಳಿ ನಿಲ್ಲುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಹಾಗೇ ಫೋಟೋ ತೆಗೆಯಿರಿ.

ನಮಗೆ ಹೀಗೆ ಒಂದು ಹಿತ್ತಾಳೆ ತಂಬಿಗೆಯ ಮೇಲೆ ನಮ್ಮ ಅಜ್ಜಿಯ ತಂಗಿಯ ಹೆಸರು ಸಿಕ್ಕಿತು. ಹರಿಹರಕ್ಕೆ ಕೊಟ್ಟಿದ್ದ ಹುಡುಗಿ, ಚೊಚ್ಚಲ ಬಾಣಂತನದಲ್ಲೇ ತೀರಿಕೊಂಡಿದ್ದಳಂತೆ. ಫೋಟೋ ಇಲ್ಲ, ಸಮಾಧಿ ಎಲ್ಲಿ ಅಂತ ಗೊತ್ತಿಲ್ಲ, ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ಅವಳು ಇದ್ದಳು ಎನ್ನುವುದಕ್ಕೆ ಈ ತಂಬಿಗೆಯೊಂದೇ ಸಾಕ್ಷಿ. ಗುಜರಿ ಅಂಗಡಿಯಲ್ಲಿ ಅದಕ್ಕೆ ಕೆಜಿ ಲೆಕ್ಕದಲ್ಲಿ ರೇಟು ಹಾಕಿ, ಕರಗಿಸಿಬಿಡುತ್ತಿದ್ದರು. ಈಗ ನನ್ನ ತಂಗಿ ದಿನಾ ಅದರಲ್ಲೇ ದೇವರಿಗೆ ನೀರು ಇಡುತ್ತಾಳೆ.

ಹೆಸರಿರುವ ಪಾತ್ರೆಗೆ ಇನ್ನು ಮುಂದೆ ಪಾಲಿಷ್ ಪುಡಿ ಹಾಕಬೇಡಿ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಮಾಡಿಸಿ. ದೊಡ್ಡ ಹಂಡೆ, ಕೊಪ್ಪರಿಗೆ ಫ್ಲ್ಯಾಟಿಗೆ ಆಗುವುದಿಲ್ಲ, ಒಪ್ಪಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ನೆಂಟರಿಷ್ಟರೆಲ್ಲ ಬಂದಿಳಿಯುವ ಮನೆಗಳಿಗೆ ಅಂಥವು ಬೇಕಾಗುತ್ತವೆ. ಊರಲ್ಲೇ ಇರುವ, ಇನ್ನೂ ಹತ್ತಾರು ಜನಕ್ಕೆ ಅಡುಗೆ ಮಾಡುವ ಸಂಬಂಧಿಕರಿಗೆ ಕೊಡಿ.

ಎರಡನೆಯದು ಕೌದಿ, ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ದಯವಿಟ್ಟು ಇದನ್ನು ಹಳೇ ಬಟ್ಟೆಯ ರಾಶಿಗೆ ಹಾಕಬೇಡಿ. ಸಾಮಾನು ಸಾಗಿಸುವವರು ಬೀರುವಿಗೆ ಸುತ್ತಲು ಮೊದಲು ಎಳೆದುಕೊಳ್ಳುವುದೇ ಅದನ್ನು. ನಮ್ಮತ್ತೆಯ ಕೌದಿಯನ್ನು ಅಂಗಳದಲ್ಲಿ ಹಾಸಿದಾಗ ನಮ್ಮ ದೊಡ್ಡತ್ತೆ ಮೊಣಕಾಲೂರಿ ಕೂತು ಬೆರಳಿಟ್ಟು ಓದಿದಂತೆ ಹೇಳುತ್ತಾ ಹೋದರು: ಇದು ನಮ್ಮವ್ವನ ಇಳಕಲ್ ಸೀರೆಯ ಒಡಲು, ಇದು ಅಪ್ಪನ ಪಟ್ಟಾಪಟ್ಟಿ ಚಡ್ಡಿ, ಇದು ಅಣ್ಣನ ಸ್ಕೂಲಿನ ಖಾಕಿ, ಈ ಹೂವಿನ ತುಂಡು ನಿಮ್ಮಪ್ಪನ ತೊಟ್ಟಿಲ ಬಟ್ಟೆ. ಆಲ್ಬಮ್ಮಿನಲ್ಲೂ ಇಲ್ಲದಷ್ಟು ಜನ ಆ ಕೌದಿಯಲ್ಲಿದ್ದರು. ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ಹಳೇ ದಾರ ತಡೆಯುವುದಿಲ್ಲ. ತೊಟ್ಟಿಯಲ್ಲಿ ತಣ್ಣೀರು, ಸ್ವಲ್ಪ ಸೋಪು, ಹಿಂಡದೆ ಎತ್ತಿ, ಅಗಲವಾಗಿ ಹಾಸಿ ನೆರಳಲ್ಲಿ ಒಣಗಿಸಿ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕರೀ ಕಂಬಳಿ ಸಿಕ್ಕರೆ ಅದಕ್ಕೆ ಬಿಸಿಲು ಬೇಕು. ಚೆನ್ನಾಗಿ ಒಣಗಿಸಿ, ಕೊಡವಿ, ಬಜೆ ಬೇರಿನ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಮಡಿಕೆಯೊಳಗೆ ಇಡಿ. ನುಸಿ ಹತ್ತಿರ ಬರುವುದಿಲ್ಲ.

ರೇಷ್ಮೆ ಸೀರೆ ವಿಷಯದಲ್ಲಿ ಹುಷಾರು. ಹಳೇ ಜರಿ ಸೀರೆ ಕೊಳ್ತೀವಿ ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರು ಜರಿಯಲ್ಲಿನ ಬೆಳ್ಳಿಗಾಗಿ ಬರುತ್ತಾರೆ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಮೊಳಕಾಲ್ಮೂರಿನ ಒಳ್ಳೇ ಹಳೇ ಸೀರೆ ಹೀಗೆ ಬೂದಿಯಾಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ತೊಳೆದ ಹಳೇ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಆಗಾಗ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ.

ಇನ್ನು ಹುಡುಕುವ ವಿಷಯ. ಒಬ್ಬರೇ ಇದ್ದ ಹೆಂಗಸು ಬೆಲೆಬಾಳುವುದನ್ನು ಬೀರುವಿನಲ್ಲಿ ಇಡುವುದಿಲ್ಲ. ಅಕ್ಕಿ ಡಬ್ಬದ ತಳ, ಒಣಮೆಣಸಿನಕಾಯಿ ಗಡಿಗೆ, ದೇವರ ಫೋಟೋದ ಹಿಂಬದಿ, ದಿಂಬಿನ ಹತ್ತಿ, ಹಳೇ ಪಂಚಾಂಗದ ಹಾಳೆಗಳ ನಡುವೆ, ಸೀರೆಯ ಒಳಮಡಿಕೆ. ಒಂದನ್ನೂ ಬಿಡಬೇಡಿ. ನೆಲದಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ಗುಂಡಿ, ಇದ್ದರೆ ಚಪ್ಪಡಿ ತೆಗೆದ ಕೂಡಲೇ ಯಾರೂ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಜೀವ ಹೋಗುತ್ತದೆ. ಅಂಥ ಕೆಲಸ ಗೊತ್ತಿರುವ ಹಿರಿಯ ರೈತರು ಯಾರಾದರೂ ಪಕ್ಕದಲ್ಲಿರಲಿ.

ಡಬ್ಬದಲ್ಲಿ 2016ರ ನವೆಂಬರ್‌ನಲ್ಲಿ ರದ್ದಾದ ಹಳೇ 500, 1000ದ ನೋಟು ಸಿಕ್ಕರೆ ನೆನಪಿಗೆ ಒಂದೆರಡು ಇಟ್ಟುಕೊಳ್ಳಬಹುದು. ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆ ಪ್ರಕಾರ ತಪ್ಪು, ದಂಡ ಬೀಳುತ್ತದೆ. ಲಕ್ಷ್ಮೀ ಪೂಜೆಯ ಬೆಳ್ಳಿ ರೂಪಾಯಿ ಸಿಕ್ಕರೆ ಕುಂಕುಮದ ಸಮೇತ ಹಾಗೇ ಇಡಿ, ತಿಕ್ಕಬೇಡಿ. ರಾಣಿ ವಿಕ್ಟೋರಿಯಾ, ಐದನೇ ಜಾರ್ಜ್ ಮುಖದ ರೂಪಾಯಿ 11.66 ಗ್ರಾಂ ತೂಗುತ್ತದೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಬರೀ ನಿಕಲ್. ಅಂಗಡಿಯವರು ಎಲ್ಲ ಒಂದೇ ರೇಟು ಅಂದರೆ ಒಪ್ಪಬೇಡಿ.

ಬಂಗಾರದಲ್ಲಿ ಬೋರಮಾಳ, ಗುಂಡಿನ ಸರ ಇದ್ದರೆ ಗುಂಡಿನ ಒಳಗೆ ಅರಗು ತುಂಬಿರುತ್ತದೆ. ತೂಕಕ್ಕೂ ಬಂಗಾರಕ್ಕೂ ಅಜಗಜಾಂತರ. ಹಂಚಿಕೆಗೆ ಮುಂಚೆ ಎಲ್ಲರ ಎದುರಿಗೆ ತೂಗಿಸಿ, ಫೋಟೋ ತೆಗೆದು, ಬರೆದಿಡಿ. ನನ್ನ ಸಲಹೆ, ಸರ ಕರಗಿಸಬೇಡಿ. ಅದೇ ಗುಂಡುಗಳನ್ನು ಇಬ್ಬರು ಮೂವರು ಹೆಣ್ಣುಮಕ್ಕಳು ಹಂಚಿಕೊಂಡು ಹೊಸ ದಾರಕ್ಕೆ ಪೋಣಿಸಿಕೊಳ್ಳಲಿ.

ಯಾರಿಗೆ ಸೇರಬೇಕು ಎನ್ನುವುದನ್ನು ಮೊದಲೇ ವಕೀಲರ ಹತ್ತಿರ ಕೇಳಿಕೊಳ್ಳಿ. ದೊಡ್ಡಮ್ಮ ಉಯಿಲು ಬರೆದಿಲ್ಲ, ಮಕ್ಕಳಿಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಂದೆತಾಯಿಯಿಂದ ಅವರಿಗೆ ವಾರಸಾಗಿ ಬಂದದ್ದು ತಂದೆಯ ಕಡೆ ವಾರಸುದಾರರಿಗೆ, ಗಂಡನಿಂದ ಅಥವಾ ಮಾವನಿಂದ ವಾರಸಾಗಿ ಬಂದದ್ದು ಗಂಡನ ಕಡೆಯವರಿಗೆ ಹೋಗುತ್ತದೆ. ನೀವು ಯಾವ ಕಡೆಯವರೋ ಅದರ ಮೇಲೆ ನಿಮ್ಮ ಹಕ್ಕು. ಇದನ್ನು ತಿಳಿಯದೆ ಬೀಗ ಒಡೆದರೆ ಮುಂದೆ ಬಳಗದಲ್ಲಿ ಮಾತೇ ನಿಂತುಹೋಗುತ್ತದೆ. ಎರಡೂ ಕಡೆಯವರನ್ನು ಒಂದೇ ದಿನ ಕರೆದು, ಅವರ ಎದುರಿಗೇ ಬೀರು ತೆಗೆಯಿರಿ. ಬ್ಯಾಂಕ್ ಪಾಸ್‌ಬುಕ್ ಹಳೆಯದಾಗಿದ್ದರೂ ಎಸೆಯಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ವಾರಸುದಾರರು ಬ್ಯಾಂಕಿನ ಮೂಲಕ ಆಮೇಲೂ ಕೇಳಬಹುದು. ಇಂಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನದೇ ಉದ್ಗಮ್ (UDGAM) ಪೋರ್ಟಲ್ ಇದೆ, ಅದರಲ್ಲಿ ಹೆಸರು ಹಾಕಿ ನೋಡಿ.

ಕಾಗದಪತ್ರಕ್ಕೆ ಒಂದು ಪೂರ್ತಿ ದಿನ ಬೇಕು. ದಾವಣಗೆರೆ ಮೊದಲಿಂದ ಮಂಡಿ ಊರು, ಹತ್ತಿ ಗಿರಣಿಗಳ ಊರು. ಎಷ್ಟೋ ಮನೆಯಲ್ಲಿ ಅಡತಿ ಅಂಗಡಿಯ ಕಿರ್ದಿ (ದಿನದ ಲೆಕ್ಕದ) ಪುಸ್ತಕ, ಗಂಡಭೇರುಂಡದ ಮೈಸೂರು ಸರ್ಕಾರದ ಛಾಪಾ ಕಾಗದ, ಗಿರಣಿಯ ಚೀಟಿ ಇರುತ್ತವೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಫೋಟೋದ ಹಿಂದೆ ಹೆಸರು ಬರೆಯುವುದು ಪೆನ್ಸಿಲಿನಲ್ಲಿ. ಗಾಜಿಗೆ ಅಂಟಿದ ಫೋಟೋ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಓಲೆಗರಿ ಅಥವಾ ಕಡತ (ಕರೀ ಲೇಪದ ಬಟ್ಟೆಯ ಹಳೇ ಮಡಿಕೆ ಪುಸ್ತಕ) ಸಿಕ್ಕರೆ ದೇವರ ಮನೆಯಲ್ಲಿ ಸುಮ್ನೆ ಪೂಜೆಗೆ ಇಡುವ ಬದಲು ಒಮ್ಮೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ತೋರಿಸಿ. ಏನು ಬರೆದಿದೆ ಅಂತ ಗೊತ್ತಾಗಬೇಕಲ್ವಾ.

ಅಮೆರಿಕದಲ್ಲಿರುವ ಅಣ್ಣನೋ ತಂಗಿಯೋ ಹಳೇ ವಿಗ್ರಹ ತಗೊಂಡು ಹೋಗ್ತೀನಿ ಅಂದರೆ ತಡೆಯಿರಿ. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನು ದೇಶದಿಂದ ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ನಿಮ್ಮದು ಲಿಂಗಾಯತರ ಮನೆಯಾದರೆ ದೊಡ್ಡಮ್ಮ ಇಷ್ಟಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಮನೆಯಲ್ಲೇ ಉಳಿದಿರಬಹುದು. ಇಷ್ಟಲಿಂಗ ಅವರ ಜೊತೆಗೇ ಮಣ್ಣಿಗೆ ಹೋಗಿರುತ್ತದೆ. ನಮ್ಮತ್ತೆಯ ಕರಡಿಗೆಯ ಒಂದು ಬದಿ ಹೆಬ್ಬೆರಳು ಒತ್ತಿ ಒತ್ತಿ ನುಣ್ಣಗೆ ತಗ್ಗಾಗಿತ್ತು. ಅಕ್ಕಸಾಲಿಗರು ಸರಿ ಮಾಡಿಕೊಡ್ತೀನಿ ಅಂದರು, ಬೇಡ ಅಂದೆವು. ನೀವೂ ಸರಿ ಮಾಡಿಸಬೇಡಿ.

ಉಳಿದ ಮಂಚ, ಸ್ಟೀಲ್ ಡಬ್ಬ, ಪ್ಲಾಸ್ಟಿಕ್ ಕುರ್ಚಿಗಳನ್ನು ಬೀದಿಯಲ್ಲಿ ಬೇಕಾದವರಿಗೆ ಕೊಟ್ಟುಬಿಡಿ. ಆದರೆ ಮನೆ ಕೆಡವಿಸುವುದಾದರೆ ಒಂದು ಮಾತು. ಕೆಡವುವ ಗುತ್ತಿಗೆದಾರರು ಸಾಮಾನ್ಯವಾಗಿ ಮರಮುಟ್ಟು ತಮ್ಮದೇ ಎಂದುಕೊಂಡೇ ರೇಟು ಹೇಳುತ್ತಾರೆ. ತಲೆಬಾಗಿಲು, ಅದರ ಚೌಕಟ್ಟು, ಕಂಬ, ತೊಲೆ ಯಾರಿಗೆ ಸೇರುತ್ತದೆ ಅಂತ ಕರಾರಿನಲ್ಲೇ ಬರೆಸಿ. ಗೋಡೆ ಒಡೆಯುವಾಗಲೋ ಪಾಯ ಅಗೆಯುವಾಗಲೋ ಹೂತಿಟ್ಟ ನಾಣ್ಯ, ಒಡವೆ ಸಿಕ್ಕರೆ ಅದಕ್ಕೆ ನಿಧಿ ಕಾಯ್ದೆ ಅನ್ವಯಿಸಬಹುದು, ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದನ್ನೂ ಗುತ್ತಿಗೆದಾರರಿಗೆ ಮೊದಲೇ ಹೇಳಿರಿ, ಮತ್ತು ಆ ದಿನ ನಿಮ್ಮ ಕಡೆಯವರು ಒಬ್ಬರು ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲೇ ನಿಂತಿರಲಿ.