ವಾಷಿಂಗ್ ಯೂನಿಟ್‌ನ ಪ್ರಯೋಗಕ್ಕೆ ತೆರಿಗೆ ಕಡಿತ ಸಿಗುತ್ತಾ?

ಸರ್, ಬಳ್ಳಾರಿಯ ನಿಮ್ಮ ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕಡಿಮೆ ನೀರಿನ ಪ್ರಯೋಗ ಶುರು ಮಾಡಿದ್ದೀರಿ, ಆ ಖರ್ಚಿಗೆ ಒಂದಕ್ಕೆ ಎರಡರಷ್ಟು ತೆರಿಗೆ ಕಡಿತ ಸಿಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಆ ಕಾಲ ಮುಗಿಯಿತು.

1961ರ ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಸೆಕ್ಷನ್ ಪ್ರಕಾರ ಸ್ವಂತ ಸಂಶೋಧನೆಗೆ 100 ರೂಪಾಯಿ ಹಾಕಿದ ಕಂಪನಿ ತೆರಿಗೆ ಬೀಳುವ ಆದಾಯದಿಂದ 200 ರೂಪಾಯಿ ಕಳೆಯಬಹುದಿತ್ತು. 2017ರ ಏಪ್ರಿಲ್‌ನಿಂದ ಅದು 150 ಆಯ್ತು, 2020ರ ಏಪ್ರಿಲ್‌ನಿಂದ ಬರೀ 100. ಅದೂ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಒಪ್ಪಿಗೆ ಪಡೆದ ಕಂಪನಿಗಳಿಗೆ ಮಾತ್ರ. ನಿಮ್ಮದು ಪಾಲುದಾರಿಕೆ ಅಂದಿದ್ದೀರಿ, ಹಾಗಾಗಿ ಆಗಲೂ ಸಿಗುತ್ತಿರಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಹೊಸದೇನಾದರೂ ಮಾಡಿ ನೋಡುವವರು ನಮ್ಮ ಕಡೆ ಹೆಚ್ಚಾಗಿ ಇಂಥ ಸಣ್ಣವರೇ ಅಲ್ವಾ?

ಅಮೆರಿಕದಲ್ಲೂ 1981ರಲ್ಲಿ ಇಂಥದ್ದೇ ರಿಯಾಯಿತಿ ತಾತ್ಕಾಲಿಕವಾಗಿ ಬಂತು. ಮತ್ತೆ ಮತ್ತೆ ಅವಧಿ ಮುಗಿಯುವುದು, ಮತ್ತೆ ಮುಂದೂಡುವುದು. ಕೊನೆಗೆ 2015ರ ಡಿಸೆಂಬರ್‌ನಲ್ಲಿ ಖಾಯಂ ಮಾಡಿದರು. ನಮ್ಮಲ್ಲೂ ಖಾಯಂ ಆಗಲೇಬೇಕು. ಕಲ್ಲು ಹಾಕಿ ಜೀನ್ಸ್ ಒಗೆಯುವುದು ಬಿಟ್ಟು ಓಜೋನ್ ಅನಿಲದಲ್ಲಿ ಒಗೆದು ಅದೇ ಶೇಡ್ ತರುವುದು ಒಂದು ಸೀಸನ್‌ನ ಕೆಲಸ ಅಲ್ಲ. ನಡುವೆ ನಿಯಮ ಬದಲಾದರೆ ಸಾಲ ಮಾಡಿ ಯಂತ್ರ ತಂದವರ ಗತಿ ಏನು?

ಆದರೆ ಪೂರ್ತಿ ಕೈ ಬಿಡಬೇಡಿ. ನಿಮ್ಮ ವ್ಯವಹಾರಕ್ಕೆ ಸಂಬಂಧಿಸಿದ ಸಂಶೋಧನೆಯ ಖರ್ಚನ್ನು, ಜಾಗದ ಬೆಲೆ ಬಿಟ್ಟು, ಪೂರ್ತಿ ಕಳೆಯುವುದಕ್ಕೆ ಅದೇ 35ನೇ ಸೆಕ್ಷನ್ ಪಾಲುದಾರಿಕೆಗೂ ದಾರಿ ಕೊಟ್ಟಿತ್ತು. ಟ್ರಯಲ್ ಬ್ಯಾಚ್‌ನ ಕೆಮಿಕಲ್ ಬಿಲ್, ನೀರಿನ ಮೀಟರ್ ರೀಡಿಂಗ್, ಕೆಟ್ಟುಹೋದ ಪ್ಯಾಂಟ್‌ಗಳ ಲೆಕ್ಕ ಎಲ್ಲ ಬೇರೆ ಪುಸ್ತಕದಲ್ಲಿ ಬರೆದಿಡಿ. ದಿನದ ಉತ್ಪಾದನೆ ಖರ್ಚಿನ ಜೊತೆ ಕಲಸಬೇಡಿ. ಮಾರ್ಚ್ ತನಕ ಕಾಯದೆ ಈಗಲೇ ನಿಮ್ಮ ಸಿಎಗೆ ತೋರಿಸಿ.