ಎಚ್.ಆರ್. ಒಂದೇ ದಾರಿಯೆ?

ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ಸೆಮಿಸ್ಟರ್ ಮುಗಿಸಿರುವ ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಈಗ ವಿಶೇಷ ವಿಷಯ ಆರಿಸಿಕೊಳ್ಳಬೇಕು. ಎಚ್.ಆರ್. (ಮಾನವ ಸಂಪನ್ಮೂಲ) ತೆಗೆದುಕೊಂಡರಷ್ಟೇ ಕೆಲಸ, ಬೇರೆ ಯಾವುದಾದರೂ ಎನ್‌ಜಿಒನೇ ಗತಿ ಎನ್ನುತ್ತಾರೆ. ನನಗೆ ಆಸ್ಪತ್ರೆಯ ಕೆಲಸದ ಮೇಲೆ ಮನಸ್ಸಿದೆ. ಏನು ಮಾಡಲಿ?’

ಮನಸ್ಸು ಆಸ್ಪತ್ರೆಯ ಕಡೆಗಿದ್ದರೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನೇ ತೆಗೆದುಕೊಳ್ಳಿ. ಆದರೆ ಯಾವ ಹುದ್ದೆಗೆ ಏನು ಬೇಕು ಎಂಬುದನ್ನು ಈಗಲೇ ತಿಳಿದುಕೊಂಡಿರಿ. ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ನಮ್ಮ ದೇಶದಲ್ಲಿ ಇಡೀ ಸಮಾಜಕಾರ್ಯಕ್ಕೆ ಒಂದು ಪರಿಷತ್ತು ಇಲ್ಲ. ಹಾಗಾಗಿ ಪದವಿಯೊಂದೇ ಕೆಲಸ ಕೊಡಿಸುವುದಿಲ್ಲ. ಯಾವ ಹುದ್ದೆಯನ್ನು ಕಾಯ್ದೆಯೇ ಹೆಸರಿಸಿದೆ ಎಂದು ಹುಡುಕುವುದು ಜಾಣತನ.

ಎಚ್.ಆರ್.ಗೆ ಬೇಡಿಕೆ ಇರುವುದಕ್ಕೆ ಕಾರಣವೂ ಅದೇ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಕಾರ್ಮಿಕರ ಸುರಕ್ಷತೆ, ಆರೋಗ್ಯ ಕುರಿತ 2020ರ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆ. ಸಂದರ್ಶನದಲ್ಲಿ ಎಂ.ಎಸ್.ಡಬ್ಲ್ಯೂ.ನವರು ಸೋಲುವುದು ಲೆಕ್ಕದಲ್ಲಿ. ಭವಿಷ್ಯನಿಧಿಗೆ (ಪಿ.ಎಫ್.) ವೇತನದ ಶೇ. 12, ಕಾರ್ಮಿಕರ ವಿಮೆಯಾದ ಇ.ಎಸ್.ಐ.ಗೆ ಮಾಲೀಕರಿಂದ ಶೇ. 3.25, ಕಾರ್ಮಿಕರಿಂದ ಶೇ. 0.75, ಗ್ರಾಚ್ಯುಟಿಗೆ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಇಷ್ಟು ಬಾಯಲ್ಲಿರದಿದ್ದರೆ ಎಂ.ಬಿ.ಎ. ಮಾಡಿದವರು ಮುಂದೆ ಹೋಗುತ್ತಾರೆ.

ಇನ್ನು ಆಸ್ಪತ್ರೆ. ಅಂಗಾಂಗ ಕಸಿ ಮಾಡುವ ಆಸ್ಪತ್ರೆ ಕಸಿ ಸಂಯೋಜಕರನ್ನು ನೇಮಿಸಿಕೊಳ್ಳದೆ ನೋಂದಣಿ ಪಡೆಯುವಂತಿಲ್ಲ. ಆ ಹುದ್ದೆಗೆ ನಿಯಮಗಳು ಹೇಳುವ ಅರ್ಹತೆಗಳಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೂ ಇದೆ. ಕೆಲಸ ಹಗುರವಲ್ಲ. ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮೆದುಳು ನಿಷ್ಕ್ರಿಯವೆಂದು ದೃಢಪಡಿಸುತ್ತದೆ. ಆ ಹೊತ್ತಿನಲ್ಲಿ ಮನೆಯವರ ಪಕ್ಕ ಕೂತು ಅಂಗಾಂಗ ದಾನದ ಬಗ್ಗೆ ಮಾತಾಡಬೇಕಾದವರು ನೀವು. ಡಯಾಲಿಸಿಸ್, ಕ್ಯಾನ್ಸರ್ ವಿಭಾಗಗಳಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದಪತ್ರ ಬಲ್ಲವರಿಗೆ ಬೆಲೆ ಇದೆ. ಎಚ್‌ಐವಿ ಪರೀಕ್ಷಾ ಕೇಂದ್ರಗಳ ಆಪ್ತಸಮಾಲೋಚಕರ ಹುದ್ದೆಗೂ ನಿಮ್ಮ ಪದವಿ ಸಲ್ಲುತ್ತದೆ, ಆದರೆ ಗುತ್ತಿಗೆಯ ಮೇಲೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲೂ ಹೆಚ್ಚಿನವು ಗುತ್ತಿಗೆ ಹುದ್ದೆಗಳೇ. ಮನೆಯ ಖರ್ಚು ನಿಮ್ಮ ಮೇಲಿದ್ದರೆ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾನಸಿಕ ಆರೋಗ್ಯದತ್ತ ಹೋಗುವವರು ಒಂದು ವಿಷಯದಲ್ಲಿ ಪದೇ ಪದೇ ಎಡವುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ ಎನಿಸಿಕೊಳ್ಳಲು ಎಂ.ಎಸ್.ಡಬ್ಲ್ಯೂ. ಸಾಲದು, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು, ಬೆಂಗಳೂರಿನ ನಿಮ್ಹಾನ್ಸ್ ಕೊಡುತ್ತಾ ಬಂದಂಥದ್ದು. ಹೊಸ ಶಿಕ್ಷಣ ನೀತಿ ಎಂ.ಫಿಲ್. ಅನ್ನೇ ನಿಲ್ಲಿಸಿತು. ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2025–26ರ ತನಕ ವಿನಾಯಿತಿ ಕೊಟ್ಟಿತ್ತು. ಶುಲ್ಕ ಕಟ್ಟುವ ಮುನ್ನ ಯುಜಿಸಿಯ ಇತ್ತೀಚಿನ ಆದೇಶ ನೋಡಿ. ಖಾಸಗಿ ಸಂಸ್ಥೆಗಳ ಆರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾ ಆ ಅರ್ಹತೆಗೆ ಸಮವಲ್ಲ.

ಪಾಠ ಹೇಳುವ ಆಸೆ ಇದ್ದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಿರಿ. ನೆಟ್‌ನಲ್ಲಿ ಸಮಾಜಕಾರ್ಯದ ವಿಷಯ ಸಂಖ್ಯೆ 10. ಕಾರ್ಮಿಕ ಕಲ್ಯಾಣಕ್ಕೆ ಬೇರೆ ಪತ್ರಿಕೆ, 55.

ಇಷ್ಟೆಲ್ಲಕ್ಕೂ ತಳಪಾಯ ನಿಮ್ಮ ಕ್ಷೇತ್ರಕಾರ್ಯದ ದಾಖಲೆ. ‘ಭೇಟಿ ನೀಡಿದೆವು, ಜನ ಸಹಕರಿಸಿದರು’ ಎಂದು ತುಂಬಿಸಿದ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ. ಮೂರೇ ಮೂರು ಪ್ರಕರಣಗಳನ್ನು ಪೂರ್ತಿಯಾಗಿ ಬರೆಯಿರಿ: ರೋಗಿ ಹೇಳಿದ ತೊಂದರೆ, ಮನೆಯ ಸ್ಥಿತಿ, ನಿಮಗೆ ಕಂಡದ್ದು, ನೀವು ಮಾಡಿದ್ದು, ಫಲ ಕೊಡದ್ದು. ಹೆಸರು, ಊರು ಬದಲಿಸಿ. ಬ್ಲಾಕ್ ಪ್ಲೇಸ್‌ಮೆಂಟ್‌ಗೆ (ಒಂದೇ ಸಂಸ್ಥೆಯಲ್ಲಿ ಸತತವಾಗಿ ಪಡೆಯುವ ತರಬೇತಿ) ಮನೆಗೆ ಹತ್ತಿರವೆಂದು ಯಾವುದೋ ಆಸ್ಪತ್ರೆ ಹಿಡಿಯಬೇಡಿ. ಅಲ್ಲಿ ನಿಮ್ಮನ್ನು ತಿದ್ದಲು ಎಂ.ಎಸ್.ಡಬ್ಲ್ಯೂ. ಓದಿದವರೊಬ್ಬರಾದರೂ ಇದ್ದಾರೆಯೇ ಎಂದು ವಿಚಾರಿಸಿ, ಆಮೇಲೆ ವಿಭಾಗಕ್ಕೆ ಹೆಸರು ಕೊಡಿ.

– ಸಂಪಾದಕ