ಎಚ್ಚರವಾದರೂ ಕತ್ತು ಎತ್ತಲಾಗದಿದ್ದರೆ

ಪ್ರಶ್ನೆ: ಪಿತ್ತಕೋಶದ ಆಪರೇಷನ್ ಆದ ಮೇಲೆ ಅಮ್ಮನಿಗೆ ಎಚ್ಚರವಾಯಿತು. ಆದರೆ ಬಹಳ ಹೊತ್ತು ಕತ್ತು ಎತ್ತಲಾಗಲಿಲ್ಲ, ಎಲ್ಲ ಎರಡೆರಡಾಗಿ ಕಾಣುತ್ತಿತ್ತು, ಎಂಜಲು ನುಂಗಲೂ ಕಷ್ಟವಾಯಿತು. ಈಗ ಇನ್ನೊಂದು ಆಪರೇಷನ್ ಇದೆ. ಹೀಗಾಗದಂತೆ ತಡೆಯಬಹುದೇ?

ಉತ್ತರ: ಖಂಡಿತ ತಡೆಯಬಹುದು. ಸ್ನಾಯು ಸಡಿಲಿಸುವ ಔಷಧ ಪೂರ್ತಿ ಇಳಿಯದಿದ್ದಾಗ ಕಾಣುವ ಲಕ್ಷಣಗಳಿವು. ನಿದ್ದೆ ಬರಿಸುವ ಔಷಧವೇ ಬೇರೆ, ಇದೇ ಬೇರೆ. ಹಾಗಾಗಿ ಪ್ರಜ್ಞೆ ಮರಳಿದರೂ ಗಂಟಲಿಗೆ ಬಲ ಬಂದಿರುವುದಿಲ್ಲ. ಎಂಜಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಆಗಲೇ.

ಇಲ್ಲಿ ಅಂದಾಜು ನಡೆಯದು, ಅಳೆಯಲೇಬೇಕು. ಮಣಿಕಟ್ಟಿನಲ್ಲಿ ಕಿರುಬೆರಳ ಬದಿಗೆ ಎರಡು ಎಲೆಕ್ಟ್ರೋಡ್ ಅಂಟಿಸಿ, ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಲ ನರಕ್ಕೆ ವಿದ್ಯುತ್ ಕೊಡುತ್ತಾರೆ. ಹೆಬ್ಬೆರಳು ನಾಲ್ಕು ಸಲ ಮಿಡಿಯುತ್ತದೆ. ನಾಲ್ಕನೆಯ ಮಿಡಿತ ಮೊದಲನೆಯದರ ಶೇ. 90ಕ್ಕೆ ಬರುವ ತನಕ ಉಸಿರಾಟಕ್ಕೆ ಹಾಕಿದ ಗಂಟಲಿನ ಕೊಳವೆ ತೆಗೆಯಬಾರದು. ಅಮೆರಿಕದ ಅರಿವಳಿಕೆ ತಜ್ಞರ ಸಂಘದ 2023ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಶೇ. 40 ದಾಟಿದ ಮೇಲೆ ನುರಿತ ಕೈಗೂ ವ್ಯತ್ಯಾಸ ಸಿಗುವುದಿಲ್ಲ, ಯಂತ್ರವೇ ಸಂಖ್ಯೆ ತೋರಿಸಬೇಕು. ಐದು ಸೆಕೆಂಡ್ ತಲೆ ಎತ್ತಿಸಿ ನೋಡುವ ಹಳೆಯ ಪರೀಕ್ಷೆಯನ್ನು ನೆಚ್ಚಬೇಡಿ. ಹುಬ್ಬಿನ ಮೇಲೆ ಅಳೆದರೂ ಮೋಸವೇ, ಅಲ್ಲಿನ ಸ್ನಾಯು ಹೆಬ್ಬೆರಳಿಗಿಂತ ಬೇಗ ಚೇತರಿಸುತ್ತದೆ.

ಸ್ನಾಯುವಿನ ಸಡಿಲಿಕೆ ಇಳಿಸುವ ಔಷಧ ಎರಡು. ನಿಯೋಸ್ಟಿಗ್ಮೈನನ್ನು ಕೆಜಿಗೆ 0.04–0.05 ಮಿ.ಗ್ರಾಂ, ಹೆಚ್ಚೆಂದರೆ 5 ಮಿ.ಗ್ರಾಂ, ಎದೆಬಡಿತ ತೀರಾ ನಿಧಾನವಾಗದಂತೆ ಗ್ಲೈಕೊಪೈರೊಲೇಟ್ ಜತೆ ಕೊಡುತ್ತಾರೆ. ನಾಲ್ಕೂ ಮಿಡಿತ ಮರಳುವ ಮೊದಲೇ ಕೊಟ್ಟರೆ ಸಾಲುವುದಿಲ್ಲ. ಅದರ ಶಕ್ತಿಗೆ ಮಿತಿಯಿದೆ, ಡೋಸ್ ಏರಿಸಿ ಫಲವಿಲ್ಲ. ಕೊಟ್ಟ ಮೇಲೂ ಕನಿಷ್ಠ 10 ನಿಮಿಷ ಕಾಯಬೇಕು. ಎಡವಟ್ಟಾಗುವುದು ಹೆಚ್ಚಾಗಿ ಈ ಆತುರದಲ್ಲೇ. ಎರಡನೆಯದು ಸುಗಮಾಡೆಕ್ಸ್, ಇದು ಸ್ನಾಯು ಸಡಿಲಿಸುವ ರೊಕುರೋನಿಯಂ, ವೆಕುರೋನಿಯಂ ಔಷಧಗಳ ಕಣಗಳನ್ನೇ ಸುತ್ತುವರಿದು ಹಿಡಿಯುತ್ತದೆ: ಎರಡು ಮಿಡಿತವಿದ್ದರೆ ಕೆಜಿಗೆ 2 ಮಿ.ಗ್ರಾಂ, ಸಡಿಲಿಕೆ ಇನ್ನೂ ಆಳವಾಗಿದ್ದರೆ 4. ಅಟ್ರಾಕುರಿಯಂ ಎಂಬ ಇನ್ನೊಂದು ಸಡಿಲಿಸುವ ಔಷಧಕ್ಕೆ ಇದು ಕೆಲಸಕ್ಕೆ ಬಾರದು. ಗರ್ಭನಿರೋಧಕ ಮಾತ್ರೆ ನುಂಗುವವರು ಇದಾದ ಮೇಲೆ 7 ದಿನ ಬೇರೆ ವಿಧಾನವನ್ನೂ ಬಳಸಬೇಕು.

ಹಿಂದಿನ ಆಪರೇಷನ್ನಿನ ಅರಿವಳಿಕೆ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಕಿಡ್ನಿ ತೊಂದರೆ, ಮಯಸ್ತೇನಿಯಾ (ಸ್ನಾಯುಗಳು ಬಲಗುಂದುವ ಕಾಯಿಲೆ) ಇದ್ದರೆ ಮೊದಲೇ ಹೇಳಿ. ‘ಹೆಬ್ಬೆರಳಿನ ಮಾನಿಟರ್ ಹಾಕುತ್ತೀರಾ?’ ಎಂದು ಅರಿವಳಿಕೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ: ನಾವು ಆರ್ಯವೈಶ್ಯರು. ನಮ್ಮವರು ಅರಿವಳಿಕೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕೆನ್ನುವುದು ನಿಜವೇ?

ಉತ್ತರ: ಮಾತಿನಲ್ಲಿ ಹುರುಳಿದೆ. ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಔಷಧವನ್ನು ಒಡೆಯುವ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವದ ಆನುವಂಶಿಕ ಕೊರತೆ ಈ ಸಮುದಾಯದಲ್ಲಿ ಹೆಚ್ಚು. ಆಗ ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದದ್ದು ಗಂಟೆಗಟ್ಟಲೆ ಉಳಿಯುತ್ತದೆ, ಅಷ್ಟೂ ಹೊತ್ತು ವೆಂಟಿಲೇಟರ್‌ನಲ್ಲಿ ನಿದ್ದೆಯಲ್ಲೇ ಇಡಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಕಿಣ್ವದ ಮಟ್ಟ ನೋಡಿಸಿ, ಫಲಿತಾಂಶವನ್ನು ಆಪರೇಷನ್ ಫೈಲಿನ ಮೇಲೆಯೇ ಬರೆಸಿ.